ಮೂರನೇ ದಿನದ ನೆಂಟ

ಅಜ್ಜಿಗೆ ಕೊನೆಗೆ ಉಳಿದದ್ದು ಒಂದೇ ಮಾತು. ಆಮೇಲೆ.

ನೀರು ಬೇಕಾದರೂ ಆಮೇಲೆ, ಕಿಟಕಿ ಮುಚ್ಚಬೇಕಾದರೂ ಆಮೇಲೆ. ಅಮ್ಮ ತಲೆ ಬಾಚುವಾಗ ಸಿಕ್ಕು ಎಳೆದು ನೋವಾದರೆ “ಆಮೇಲೆ! ಆಮೇಲೆ!” ಎಂದೇ ಕೂಗು. ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು, ಬಲಗೈ ಬಲಗಾಲು ಸೋತು, ಮನೆತುಂಬ ಕಥೆ ಹರಡುತ್ತಿದ್ದ ಬಾಯಿ ಬರಿದಾದಾಗ ಈ ಒಂದು ಮಾತು ಮಾತ್ರ ತಳಕ್ಕೆ ಅಂಟಿಕೊಂಡು ಉಳಿದಿತ್ತು, ಎಷ್ಟು ಉಜ್ಜಿದರೂ ಪಾತ್ರೆ ಬಿಟ್ಟುಹೋಗದ ಹಾಲಿನ ಕರೆಯ ಹಾಗೆ.

“ಹೀಗಾಗುತ್ತೆ,” ಎಂದರು ಆಸ್ಪತ್ರೆಯ ವೈದ್ಯರು. “ಕೆಲವರಿಗೆ ದೇವರ ಹೆಸರು ಉಳಿಯುತ್ತೆ, ಕೆಲವರಿಗೆ ಬೈಗುಳ. ಇವರು ಈ ಮಾತು ಜಾಸ್ತಿ ಆಡ್ತಿದ್ರಾ?”

ಅಮ್ಮ ಅಳುತ್ತಲೇ ನಕ್ಕುಬಿಟ್ಟಳು. “ಇವಳ ಜೀವಮಾನವೆಲ್ಲ ಅದೇ ಮಾತು ಡಾಕ್ಟ್ರೇ. ಸದ್ಯ, ಬೈಗುಳ ಉಳೀಲಿಲ್ಲವಲ್ಲ. ಮನೆಗೆ ಯಾರನ್ನೂ ಕರೆಯೋ ಹಾಗೇ ಇರ್ತಿರಲಿಲ್ಲ.”

ನಾನು ಬೆಳೆದದ್ದು ಆ ಮಾತಿನ ಮೇಲೆಯೇ. ಅಜ್ಜಿಯ ಪಕ್ಕ ಮಲಗಿ ಕಥೆ ಕೇಳುವುದಕ್ಕೆ ಕೆಲವು ಕಟ್ಟಳೆಗಳಿದ್ದವು. ಕೇಳುವವರು ಪ್ರತಿ ಮಾತಿಗೂ ಹೂಂ ಅನ್ನಬೇಕು. ನಡುವೆ ಪ್ರಶ್ನೆ ಕೇಳುವ ಹಾಗಿಲ್ಲ. ಹೂಂ ನಿಂತರೆ ಮಗು ನಿದ್ದೆಹೋಗಿದೆ ಎಂದು ಅರ್ಥ. ಆದರೆ ಹೂಂ ನಿಂತಿತೆಂದು ಅಜ್ಜಿ ಕಥೆ ನಿಲ್ಲಿಸುತ್ತಿರಲಿಲ್ಲವಂತೆ. “ಅರ್ಧಕ್ಕೆ ಬಿಟ್ರೆ ಕಥೆಯೊಳಗಿನ ಜನ ಬೆಳಗಿನ ತನಕ ನಿಂತಲ್ಲೇ ನಿಂತಿರ್ತಾರೆ ಕಣೇ. ಪಾಪ, ಅವರಿಗೂ ಕಾಲು ನೋಯಲ್ವಾ?” ಎನ್ನುತ್ತಿದ್ದಳು. ಮಲಗಿದ ಮಗುವಿಗೇ ಕೊನೆಯವರೆಗೂ ಪಿಸುಗುಟ್ಟಿ, ಕಡೆಗೆ ಅದರ ಕಿವಿಯನ್ನು ಮೆಲ್ಲಗೆ ತಿರುಚುತ್ತಿದ್ದಳು. ಅದು ಬೀಗ. ಕಥೆ ಒಳಗೇ ಇರಲಿ, ಹೊರಗೆ ಸೋರದಿರಲಿ ಎಂದು. ಇದನ್ನೆಲ್ಲ ಅಮ್ಮ ಹೇಳಿ ಗೊತ್ತು. ಬೀಗ ಬೀಳುವ ಹೊತ್ತಿಗೆ ನಾನು ಯಾವತ್ತೂ ಎಚ್ಚರವಿರಲಿಲ್ಲ. ಹೂಂ ಹೂಂ ಎಂದು ನಿದ್ದೆಗೆ ಜಾರುತ್ತಿದ್ದ ನನಗೆ ಅಜ್ಜಿ ‘ಹೂಂಗುಬ್ಬಿ’ ಎಂದು ಹೆಸರಿಟ್ಟಿದ್ದಳು.

ಕಥೆಗಳಲ್ಲೆಲ್ಲ ನನಗೆ ಬೇಕಾಗಿದ್ದು ಮೂರನೇ ದಿನದ ನೆಂಟನದು.

ಒಬ್ಬಳು ಅಕ್ಕ, ಒಬ್ಬ ತಮ್ಮ. ತಮ್ಮನಿಗೆ ಚಳಿಜ್ವರ. ಆ ಜ್ವರ ಒಬ್ಬ ನೆಂಟ. ಒಂದು ದಿನ ಬರುತ್ತಾನೆ, ಒಂದು ದಿನ ಬಿಡುತ್ತಾನೆ, ಮೂರನೇ ದಿನ ಮತ್ತೆ ಬಾಗಿಲಲ್ಲಿ ನಿಂತಿರುತ್ತಾನೆ. ಒದ್ದೆ ಕೋಟು, ಕೆಸರು ಮೆತ್ತಿದ ಬೂಟು. ಹಾಸಿಗೆಯ ಅಂಚಿನಲ್ಲಿ ಕೂತು ಮೊದಲು ಹುಡುಗನ ಬಿಸುಪನ್ನೆಲ್ಲ ಹೀರಿ ಗಡಗಡ ನಡುಗಿಸುತ್ತಾನೆ. ಆಮೇಲೆ ಎಲ್ಲಿಂದಲೋ ತಂದ ಬೆಂಕಿಯನ್ನು ಅವನೊಳಗೆ ಸುರಿಯುತ್ತಾನೆ. ಕೊನೆಗೆ ಹುಡುಗನ ಬೆವರಿನಲ್ಲೇ ಕೈ ತೊಳೆದುಕೊಂಡು ಎದ್ದುಹೋಗುತ್ತಾನೆ. ಒಂದು ದಿನ ಅಕ್ಕ ಅವನ ಕೋಟಿನ ಅಂಚು ಹಿಡಿದು ಹಿಂದೆಯೇ ಹೊರಡುತ್ತಾಳೆ. ಜೌಗುನೆಲ ದಾಟಿ, ಸೊಳ್ಳೆಗಳು ಪಹರೆ ಕಾಯುವ ಗೇಟು ದಾಟಿ, ಕಹಿತೊಗಟೆಯ ಮರದ ಬಳಿ ಬರುತ್ತಾಳೆ. ಆ ಮರದ ನೆರಳು ತಾಗಿದರೆ ನೆಂಟನಿಗೇ ನಡುಕ, ಸುತ್ತುಬಳಸಿ ಹೋಗುತ್ತಾನೆ. ಅಕ್ಕ ಒಂದು ಚೂರು ತೊಗಟೆ ಕಿತ್ತು ನಾಲಿಗೆಯ ಕೆಳಗಿಟ್ಟುಕೊಳ್ಳುತ್ತಾಳೆ. ಇನ್ನು ಬಾಯಿ ತೆರೆಯುವಂತಿಲ್ಲ. ತೆರೆದರೆ ತೊಗಟೆ ಬಿದ್ದುಹೋಗುತ್ತದೆ. ನೆಂಟನ ಮನೆಯಲ್ಲಿ ಸಾಲುಸಾಲು ಗಡಿಗೆಗಳು. ಒಂದೊಂದರಲ್ಲೂ ಒಂದೊಂದು ಮಗುವಿನ ಬಿಸುಪು. ಯಾವುದು ತಮ್ಮನದು? ಅಕ್ಕ ಒಂದು ಮುಚ್ಚಳದ ಮೇಲೆ ಕೈಯಿಡುತ್ತಾಳೆ...

ಅಲ್ಲಿಗೆ ನನಗೆ ನಿದ್ದೆ. ಎಷ್ಟು ಸಲ ಹೇಳಿಸಿಕೊಂಡರೂ ಅಲ್ಲಿಗೇ ನಿದ್ದೆ. ದೊಡ್ಡವಳಾದ ಮೇಲೆ ಕೇಳಿದ್ದುಂಟು. “ಇದು ಮಲಗಿಕೊಂಡು ಕೇಳೋ ಕಥೆ. ಬಸ್ಸಿಗೆ ಹೊತ್ತಾಯ್ತು ಅಂತ ಚಪ್ಪಲಿ ಮೆಟ್ಟಿಕೊಂಡು ಕೇಳಿದ್ರೆ ಹೇಳಲ್ಲ,” ಎಂದಿದ್ದಳು ಅಜ್ಜಿ. ಅವಳೆಲ್ಲಿಗೆ ಹೋಗುತ್ತಾಳೆ, ಇನ್ನೊಂದು ದಿನ ಮಲಗಿ ಕೇಳಿದರಾಯಿತು ಎಂದುಕೊಂಡಿದ್ದೆ.

ಅಮ್ಮನಿಗೂ ಕೊನೆ ಗೊತ್ತಿರಲಿಲ್ಲ. “ಚಿಕ್ಕವಳಿದ್ದಾಗ ನಾನೂ ನಿನ್ನ ಹಾಗೇ ಮಲಗಿಬಿಡ್ತಿದ್ದೆ. ನಿನಗೆ ಹೇಳುವಾಗ ನಾನು ಅಡುಗೆಮನೆಯಲ್ಲಿ. ಕೊನೇದನ್ನ ಅವಳು ಪಿಸುಮಾತಲ್ಲಿ ಹೇಳ್ತಿದ್ಲು. ಪಾತ್ರೆ ಸದ್ದಲ್ಲಿ ಏನು ಕೇಳುತ್ತೆ?”

*

ನಾನು ಕೆಲಸ ಮಾಡುವುದು ಒಂದು ಪ್ರಯೋಗಾಲಯದಲ್ಲಿ. ದೊಡ್ಡ ಆಸ್ಪತ್ರೆಯ ಹಿಂಬದಿಯ ಕಟ್ಟಡ, ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗಲೇ ಮರದ ಹೊಟ್ಟಿನ ವಾಸನೆ ಬರುತ್ತದೆ. ಅದು ಇಲಿಗಳ ಹಾಸಿಗೆ. ಬಾಗಿಲಲ್ಲಿ ಚಪ್ಪಲಿ ಬದಲಿಸಿ, ನೀಲಿ ಅಂಗಿ ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು ಒಳಗೆ ಹೋದರೆ ಗೋಡೆಯುದ್ದಕ್ಕೂ ಪಂಜರಗಳು. ಎಲ್ಲ ಬಿಳಿ ಇಲಿಗಳು.

ಅಲ್ಲಿ ನಡೆಯುತ್ತಿದ್ದದ್ದು ಒಂದು ಹಳೆಯ ಮದ್ದಿನ ಮೇಲಿನ ಕೆಲಸ. ನಮ್ಮ ಅಜ್ಜಿಯ ಕಾಲದಿಂದ ಮಲೇರಿಯಾಕ್ಕೆ ಕೊಡುತ್ತ ಬಂದ ಮದ್ದು. ಅದಕ್ಕಿಂತ ಚುರುಕಾದವು ಬಂದ ಮೇಲೆ ಅಂಗಡಿಯ ಹಿಂದಿನ ಕಪಾಟು ಸೇರಿದ್ದದ್ದು. ಪಾರ್ಶ್ವವಾಯು ಹೊಡೆದ ಇಲಿಗೆ, ಕೆಲವು ದಿನ ಕಳೆದ ಮೇಲೆ ಕೊಟ್ಟರೂ, ಸತ್ತ ಜಾಗದ ಸುತ್ತಲಿನ ಮೆದುಳು ಹೊಸದಾಗಿ ಎಳೆ ನೇಯುವುದಕ್ಕೆ ಅದು ನೆರವಾಗುತ್ತದೆ ಎಂದು ನಮ್ಮ ಮೇಡಂಗೆ ಅನುಮಾನ. ಹಿಂದೊಮ್ಮೆ ಸಣ್ಣದಾಗಿ ಮಾಡಿ ನೋಡಿದ್ದರು. ಮದ್ದು ಪಡೆದ ಇಲಿಗಳು ಸೋತ ಕೈಯನ್ನು ಮತ್ತೆ ಆಡಿಸಿದ್ದವು. ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವು ಆಡಿಸಿರಲಿಲ್ಲ. ಈಗ ಹೆಚ್ಚು ಇಲಿಗಳಲ್ಲಿ ಅದನ್ನೇ ಮತ್ತೆ ಮಾಡಿ ತೋರಿಸಬೇಕು. ತೋರಿಸಿದರೆ ಮುಂದಿನ ಕಟ್ಟಡದಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಶುರು. ಹಳೆಯ ಮದ್ದಲ್ಲವೇ, ಎಷ್ಟು ಕೊಟ್ಟರೆ ಏನಾಗುತ್ತದೆ ಎಂಬುದು ಮೊದಲೇ ಗೊತ್ತು. ಹಾಗಾಗಿ ಒಪ್ಪಿಗೆಯೆಲ್ಲ ಸಿದ್ಧವಿತ್ತು.

ಅಜ್ಜಿ ಬಿದ್ದ ಮರುವಾರವೇ ನಾನು ಮೇಡಂ ಮುಂದೆ ನಿಂತಿದ್ದೆ.

“ಕೂತ್ಕೋ. ನಿಂತ್ಕೊಂಡು ಅಳಬೇಡ,” ಎಂದರು ಮೇಡಂ. ಅವರ ಕನ್ನಡಕಕ್ಕೆ ಒಂದು ದಾರ. ಅದು ಸದಾ ಚಹದ ಲೋಟದೊಳಗೆ ಅದ್ದಿಕೊಳ್ಳುತ್ತಿತ್ತು. “ಪರೀಕ್ಷೆಗೆ ತಗೊಳ್ಳೋದು ಸ್ಟ್ರೋಕ್ ಆಗಿ ಆರು ತಿಂಗಳ ಒಳಗಿನವರನ್ನ ಮಾತ್ರ. ನಾವು ಬೇಗ ಮುಗಿಸಿದ್ರೆ, ಫಲಿತಾಂಶ ಹಿಂದಿನ ಸಲದ ಹಾಗೇ ಬಂದ್ರೆ, ನಿಮ್ಮಜ್ಜಿ ಹೆಸರು ಕೊಡೋಣ. ಅವರಿಗೆ ಮದ್ದೇ ಸಿಗುತ್ತೆ ಅಂತ ಹೇಳೋಕಾಗಲ್ಲ. ಚೀಟಿ ಎತ್ತಿದ ಹಾಗೆ ಅದು. ಆದ್ರೆ ಒಂದು ಅವಕಾಶ.”

ಅಷ್ಟು ಸಾಕಾಗಿತ್ತು. ಅಂದಿನಿಂದ ಆ ಇಲಿಗಳು ನನಗೆ ಇಲಿಗಳಾಗಿ ಕಾಣಲಿಲ್ಲ. ನಾನು ಹೇಳಿ ಕಳಿಸಿದ ದೂತರಂತೆ ಕಂಡವು.

ನನ್ನ ಕೆಲಸ ಇಷ್ಟೇ. ಪ್ರತಿ ಇಲಿಯನ್ನೂ ಪಂಜರದಿಂದ ತೆಗೆದು, ಗಾಜಿನ ಪೆಟ್ಟಿಗೆಯೊಳಗೆ ಬಿಟ್ಟು, ಅದರ ಮುಂಬದಿಯ ಸೀಳಿನ ಆಚೆ ಒಂದು ಸಕ್ಕರೆಗುಳಿಗೆ ಇಡುವುದು. ಸೋತ ಕೈಯನ್ನು ಸೀಳಿನಲ್ಲಿ ತೂರಿಸಿ ಅದನ್ನು ಹಿಡಿದು ಬಾಯಿಗೆ ತರುತ್ತದೆಯೋ ಇಲ್ಲವೋ ನೋಡಿ ಅಂಕ ಕೊಡುವುದು. ಯಾವ ಇಲಿಗೆ ಮದ್ದು, ಯಾವುದಕ್ಕೆ ಉಪ್ಪುನೀರು ಎಂಬುದು ನಮಗೆ ಯಾರಿಗೂ ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಅದು ಗೊತ್ತಿದ್ದದ್ದು ಕೆಳಮಹಡಿಯಲ್ಲಿ ಮದ್ದು ತುಂಬಿ ಕಳಿಸುತ್ತಿದ್ದ ಔಷಧ ವಿಭಾಗದಾಕೆಗೆ ಮಾತ್ರ.

ಕೆಲಸ ಕಲಿಸಿದವರು ನನಗಿಂತ ಹಿರಿಯರೊಬ್ಬರು. ಗಂಟೆ ಹೊಡೆದ ಹಾಗೆ ಊಟ, ಗಂಟೆ ಹೊಡೆದ ಹಾಗೆ ಸೀನು. ಅವರಿಗೆ ಎಲ್ಲರೂ ಇಟ್ಟ ಹೆಸರು ‘ಗಡಿಯಾರ’. ಅವರು ನನಗಿಟ್ಟ ಹೆಸರು ‘ಮೋಡ’.

“ಏನಮ್ಮಾ ಮೋಡ, ಇಳಿದು ಬಂದ್ಯಾ ಇವತ್ತು, ಅಥವಾ ಮೇಲೇ ತೇಲ್ತಿದ್ದೀಯಾ?”

“ಇಳಿದಿದ್ದೀನಿ ಸರ್.”

“ಹಾಗಾದ್ರೆ ಕೇಳು. ಹೆದರಿದ ಇಲಿ ಕೈಯೇ ಚಾಚಲ್ಲ. ಪೆಟ್ಟಿಗೆಗೆ ಬಿಡೋ ಮುಂಚೆ ಶಾಂತ ಆಗೋ ತನಕ ಕೈಯಲ್ಲಿ ಹಿಡ್ಕೋ. ಶಾಂತ ಆದ್ಮೇಲೇ ಬಿಡು.”

“ಶಾಂತ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?”

“ಮೀಸೆ ಅದುರೋದು ನಿಲ್ಲುತ್ತೆ. ನಿನ್ನ ಮೀಸೆ ಅಲ್ಲ, ಅದರದ್ದು.”

ಮೊದಲ ಇಲಿಯನ್ನು ಅಂಗೈಲಿ ತೆಗೆದುಕೊಂಡಾಗ ಅದರ ಎದೆ ಬೆರಳಿಗೆ ಬಡಿಯುತ್ತಿತ್ತು. ಇಷ್ಟು ಸಣ್ಣ ಮೈಯಲ್ಲಿ ಇಷ್ಟೊಂದು ಭಯ ಹೇಗೆ ಹಿಡಿಸಿತೋ. ಹೆದರಿದ ಜೀವವನ್ನು ಶಾಂತಗೊಳಿಸುವ ದಾರಿ ನನಗೆ ಗೊತ್ತಿದ್ದದ್ದು ಒಂದೇ. ಮಡಿಲಲ್ಲಿ ಬಟ್ಟೆ ಹಾಸಿ ಅದನ್ನಿಟ್ಟುಕೊಂಡು, ಬೆನ್ನ ಮೇಲೆ ಬೆರಳಾಡಿಸುತ್ತ, ಮೆಲ್ಲಗೆ ಶುರುಮಾಡಿದೆ. ಒಬ್ಬಳು ಅಕ್ಕ, ಒಬ್ಬ ತಮ್ಮ. ತಮ್ಮನಿಗೆ ಚಳಿಜ್ವರ. ಆಮೇಲೆ... ನೆಂಟ ಬೂಟು ಕಳಚುವ ಹೊತ್ತಿಗೆ ಮೀಸೆ ನಿಧಾನವಾಯಿತು. ಜೌಗುನೆಲ ದಾಟುವ ಹೊತ್ತಿಗೆ ಕಣ್ಣು ಅರ್ಧ ಮುಚ್ಚಿತು. ಮುಚ್ಚಳದ ಮೇಲೆ ಕೈಯಿಡುವ ಹೊತ್ತಿಗೆ ಅದು ಪೆಟ್ಟಿಗೆಗೆ ಸಿದ್ಧ. ಮುಂದಿನದು ನನಗೂ ಗೊತ್ತಿರಲಿಲ್ಲವಾದ್ದರಿಂದ ಅಲ್ಲಿಗೇ ಬಿಡುತ್ತಿದ್ದೆ.

ಒಂದಕ್ಕೆ ಹೇಳಿ ಇನ್ನೊಂದಕ್ಕೆ ಬಿಡುವುದು ಸರಿಯಲ್ಲ. ಹಾಗಾಗಿ ಎಲ್ಲಕ್ಕೂ ಹೇಳಿದೆ. ದಿನವೂ ಹೇಳಿದೆ.

ಕಿವಿಯಲ್ಲಿ ಕಚ್ಚು ಬಿದ್ದ ಒಂದು ಇಲಿ ಇತ್ತು. ಮೊದಮೊದಲು ಅದರ ಕೈ ಒದ್ದೆ ದಾರದ ಹಾಗೆ ಜೋಲುತ್ತಿತ್ತು. ಒಂದು ಬೆಳಗ್ಗೆ ಅದು ಸೀಳಿನಲ್ಲಿ ಕೈ ತೂರಿಸಿತು. ಬೆರಳು ಬಿಡಿಸಿತು. ಸಕ್ಕರೆಗುಳಿಗೆ ಉರುಳಿಹೋಯಿತು. ಮಾರನೆಯ ದಿನ ಮತ್ತೆ ಚಾಚಿತು, ಹಿಡಿಯಿತು, ಬಾಯಿಗೆ ತಂದಿತು. ನಾನು ಗಾಜಿಗೆ ಹಣೆ ಒತ್ತಿ ಅತ್ತೆ. ಅದರ ಪಕ್ಕದ ಪಂಜರದ್ದೂ ತಂದಿತು. ಅದರ ಪಕ್ಕದ್ದೂ.

“ಸರ್, ಮದ್ದು ಕೆಲಸ ಮಾಡ್ತಿದೆ!”

ಗಡಿಯಾರ ನನ್ನ ಅಂಕಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಅರ್ಧ ಇಲಿಗಳಿಗೆ ಉಪ್ಪುನೀರು ಕಣಮ್ಮ. ಎಲ್ಲಾ ಹುಷಾರಾಗಿಬಿಟ್ರೆ ಹೇಗೆ?”

“ನಿಧಾನ ಆಗಿರೋವು ಉಪ್ಪುನೀರಿನವು ಇರಬೇಕು ಸರ್.”

“ಹೂಂ. ಇರಬೇಕು,” ಎಂದರು. ಅವರ ಹೂಂ ನನ್ನ ಅಜ್ಜಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಅದರಲ್ಲಿ ಕೇಳುವ ಮನಸ್ಸೇ ಇರಲಿಲ್ಲ.

*

ಮನೆಯಲ್ಲಿ ಅಜ್ಜಿಯ ಕೋಣೆಗೆ ನಾನು ಕಾಲಿಡುತ್ತಿದ್ದದ್ದು ಕಡಿಮೆಯಾಯಿತು.

ಮಾತು ಕಲಿಸುವಾಕೆ ವಾರಕ್ಕೊಮ್ಮೆ ಬಂದು, “ಸುಮ್ಮನೆ ಮಾತಾಡಿಸ್ತಾ ಇರಿ, ಏನಾದ್ರೂ ಹೇಳ್ತಾ ಇರಿ,” ಎಂದು ಹೇಳಿ ಹೋಗುತ್ತಿದ್ದಳು. ಅಮ್ಮ ಅದನ್ನು ಅಕ್ಷರಶಃ ನಡೆಸುತ್ತಿದ್ದಳು. ಪಕ್ಕದ ಮನೆಯವರ ಜಗಳ, ನಲ್ಲಿಯ ನೀರು, ದರ್ಜಿ ಹಾಳುಮಾಡಿದ ರವಿಕೆ, ಏನು ಸಿಕ್ಕರೆ ಅದು. ಅಜ್ಜಿ ಎಲ್ಲದಕ್ಕೂ “ಆಮೇಲೆ?” ಎನ್ನುತ್ತಿದ್ದಳು. ಅಮ್ಮ, “ಆಮೇಲೆ ಇನ್ನೇನು, ರವಿಕೆ ನಿನ್ನ ಮೊಮ್ಮಗಳಿಗೂ ಆಗಲ್ಲ, ಗೊಂಬೆಗೆ ಹಾಕಬೇಕು,” ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಅಜ್ಜಿಯ ನಗು ಮುಖದ ಒಂದು ಬದಿಯಲ್ಲಿ ಮಾತ್ರ ಅರಳುತ್ತಿತ್ತು.

ನನಗೆ ಅದು ಆಗುತ್ತಿರಲಿಲ್ಲ. ನನ್ನನ್ನು ಕಂಡೊಡನೆ ಅವಳ ಎಡಗೈ ಹಾಸಿಗೆಯನ್ನು ತಟ್ಟುತ್ತಿತ್ತು. ಬಾ, ಪಕ್ಕದಲ್ಲಿ ಬಿದ್ದುಕೋ ಎಂದು. ಬಾಯಿ ತೆರೆಯುತ್ತಿದ್ದಳು. ಬರುತ್ತಿದ್ದದ್ದು ಆ ಒಂದೇ ಮಾತು. ಬರಬಾರದ ಮಾತು ಬಂತೆಂದು ತನಗೇ ತಿಳಿದು ಕಣ್ಣು ತುಂಬುತ್ತಿತ್ತು. ನಾನು ಅವಳ ಹೊದಿಕೆ ಸರಿಮಾಡಿ, ಏನೋ ನೆಪ ಹೇಳಿ ಎದ್ದುಬರುತ್ತಿದ್ದೆ.

“ಒಂದು ಗಳಿಗೆ ಕೂತ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಅಮ್ಮ ರೇಗಿದಳು ಒಮ್ಮೆ.

“ಇಲಿಗಳು ಚೆನ್ನಾಗಾಗ್ತಿವೆ ಅಮ್ಮ. ಇನ್ನು ಸ್ವಲ್ಪ ದಿನ. ಆಮೇಲೆ ಅವಳೇ ಮಾತಾಡ್ತಾಳೆ. ಆಗ ಕೂತ್ಕೋತೀನಿ.”

“ನಿನ್ನ ಇಲಿಗಳ ಮನೆ ಹಾಳಾಗ.”

ಒಂದು ಸಂಜೆ ಖುಷಿ ತಡೆಯಲಾರದೆ ನಾನೇ ಅಜ್ಜಿಯ ಹಾಸಿಗೆಯ ಪಕ್ಕ ಮಂಡಿಯೂರಿ ಕೂತೆ. “ಅಜ್ಜೀ, ನಿನಗೊಂದು ಮದ್ದು ಬರ್ತಿದೆ. ಹೊಸದಲ್ಲ. ನಿಮ್ಮ ಕಾಲದ ಜ್ವರದ ಮಾತ್ರೆ ಗೊತ್ತಲ್ಲ, ಆ ಕಹಿ ಮಾತ್ರೆ. ಅದೇ!”

ಅಜ್ಜಿಯ ನಗು ಆರಿಹೋಯಿತು. ಬಾಯಲ್ಲಿ ಈಗಷ್ಟೇ ಕಹಿ ಕರಗಿದ ಹಾಗೆ ತುಟಿ ಸೊಟ್ಟಗಾಯಿತು. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು. “ಆಮೇಲೆ,” ಎಂದಳು ಗೋಡೆಗೆ, ತೀರಾ ಸಣ್ಣ ದನಿಯಲ್ಲಿ.

ಅಡುಗೆಮನೆಯಲ್ಲಿ ಅಮ್ಮ ನನ್ನನ್ನೇ ನೋಡಿದಳು. “ನಿನಗೆ ಗೊತ್ತಿಲ್ವೇನೇ? ಅವಳಿಗೊಬ್ಬ ತಮ್ಮ ಇದ್ದ.”

“ಇದ್ದ ಅಂದ್ರೆ?”

“ಚಳಿಜ್ವರ ಬರ್ತಿತ್ತಂತೆ, ದಿನ ಬಿಟ್ಟು ದಿನ. ಅಪ್ಪ ಅಮ್ಮ ಕೆಲಸಕ್ಕೆ ಹೋದ್ರೆ ನೋಡ್ಕೊಳ್ಳೋಳು ಇವಳೇ. ಮಾತ್ರೆ ತರೋಕೆ ಇವಳನ್ನೇ ಕಳಿಸಿದ್ರಂತೆ, ದೂರದ ಆಸ್ಪತ್ರೆಗೆ. ತಂದ್ಲು. ಅಷ್ಟೇ ಗೊತ್ತು ನನಗೆ. ಮುಂದಿನದನ್ನ ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಹುಡುಗ ದೊಡ್ಡವನಾಗಿದ್ದನ್ನ ಮಾತ್ರ ನಮ್ಮ ಕಡೆ ಯಾರೂ ಕಂಡಿಲ್ಲ.”

ಒಲೆಯ ಮೇಲಿನ ನೀರು ಕುದಿದು ಮುಚ್ಚಳ ತಟತಟನೆ ಬಡಿದುಕೊಳ್ಳುತ್ತಿತ್ತು. ಅಮ್ಮ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಈಗ ನನಗೆ ಕಥೆಯ ಕೊನೆ ಮೊದಲಿಗಿಂತ ಹೆಚ್ಚು ಬೇಕಾಗಿತ್ತು. ನಡೆದದ್ದೇನು ಎಂದಲ್ಲ. ಕಥೆಯಲ್ಲಿ ಅಜ್ಜಿ ತಮ್ಮನಿಗೆ ಏನು ಮಾಡಿದಳು ಎಂದು. ಅವಳು ಮಾತಾಡಲೇಬೇಕಿತ್ತು.

*

ಗುಟ್ಟು ಬಿಡಿಸುವ ದಿನ ಔಷಧ ವಿಭಾಗದಾಕೆ ಮೇಲೆ ಬಂದಳು. ಗೋಡೆಯ ಹಲಗೆಯ ಮೇಲೆ ಗಡಿಯಾರ ಎರಡು ಕಂಬ ಎಳೆದರು. ಒಂದು ಮದ್ದಿನದು, ಇನ್ನೊಂದು ಉಪ್ಪುನೀರಿನದು. ಆಕೆ ಒಂದೊಂದೇ ಇಲಿಯ ಗುರುತು ಓದುತ್ತ ಹೋದಳು. ನಾನು ಅದರ ಅಂಕ ಹೇಳುತ್ತ ಹೋದೆ. ಗಡಿಯಾರ ಬರೆಯುತ್ತ ಹೋದರು.

ಅರ್ಧ ದಾರಿಗೇ ಅವರ ಕೈ ನಿಧಾನವಾಯಿತು. ಎರಡು ಕಂಬಗಳೂ ಅಕ್ಕತಂಗಿಯರ ಹಾಗೆ ಬೆಳೆಯುತ್ತಿದ್ದವು. ಆಕೆ ಓದಿದಳು, “ಕಿವಿ ಕಚ್ಚಿನದು... ಉಪ್ಪುನೀರು.”

“ಇನ್ನೊಂದ್ಸಲ ನೋಡಿ,” ಎಂದೆ.

“ಉಪ್ಪುನೀರೇ.”

ಅದು ಎಲ್ಲಕ್ಕಿಂತ ಚೆನ್ನಾಗಿ ಕೈ ಚಾಚುತ್ತಿದ್ದ ಇಲಿ.

ಮೇಡಂ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. “ಮದ್ದಿನವು ಹಿಂದಿನ ಸಲದ ಹಾಗೇ ಇವೆ,” ಎಂದರು ಕೊನೆಗೆ. “ಬದಲಾಗಿರೋದು ಉಪ್ಪುನೀರಿನವು. ಅವು ಹೀಗೆ ಹುಷಾರಾಗೋ ಹಾಗೇ ಇಲ್ಲ. ಕೋಣೆಯ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿ ನೋಡೋಣ.”

ಪರದೆಯ ಮೇಲೆ ಕಂಡದ್ದು ನಾನೇ. ಟೋಪಿ ಒಂದು ಕಡೆ ವಾಲಿತ್ತು. ಮಡಿಲಲ್ಲಿ ಇಲಿ. ಬೆರಳು ಅದರ ಬೆನ್ನ ಮೇಲೆ ಆಡುತ್ತಿತ್ತು. ಸದ್ದಿಲ್ಲದ ಚಿತ್ರ. ತುಟಿ ಮಾತ್ರ ಎಡೆಬಿಡದೆ ಅಲುಗುತ್ತಿತ್ತು. ಗಡಿಯಾರ ಮುಂದೆ ಓಡಿಸಿದರು. ಇಲಿ ಬದಲಾಯಿತು, ತುಟಿ ಅಲುಗುತ್ತಲೇ ಇತ್ತು. ಇನ್ನಷ್ಟು ಓಡಿಸಿದರು, ದಿನ ಬದಲಾಯಿತು, ತುಟಿ ಅಲುಗುತ್ತಲೇ ಇತ್ತು.

“ಹಾಡ್ತಿದ್ದೀಯಾ?” ಎಂದರು ಗಡಿಯಾರ.

“ಕಥೆ ಸರ್.”

“ಕಥೆ.”

“ಶಾಂತ ಆಗೋ ತನಕ ಹಿಡ್ಕೋ ಅಂದ್ರಲ್ಲ ನೀವು.”

“ಅಂದೆ. ಸುಮ್ಮನೆ ಹಿಡ್ಕೋ ಅಂದೆ. ಹಿಂದಿನ ಸಲ ನಾನು ಹಿಡಿದಾಗ ಕಣ್ಣು ಮಿಟುಕಿಸೋದ್ರೊಳಗೆ ಬಿಡ್ತಿದ್ದೆ.” ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಎಲ್ಲಾ ಇಲಿಗೂ ಹೇಳಿದ್ಯಾ?”

“ಎಲ್ಲಾ ಇಲಿಗೂ. ಒಂದಕ್ಕೆ ಹೇಳಿ ಒಂದಕ್ಕೆ ಬಿಟ್ರೆ ಪಕ್ಷಪಾತ ಆಗುತ್ತೆ ಅಂತ...”

ಗಡಿಯಾರ ನಗಲು ಹೋದರು. ನಗು ಬರಲಿಲ್ಲ ಅವರಿಗೆ.

“ಕಥೆಯೋ, ಮಡಿಲ ಬಿಸಿಯೋ, ದಿನಾ ಯಾರೋ ಒಬ್ಬರು ಬಂದು ಎತ್ಕೋತಾರೆ ಅನ್ನೋದೋ, ಹೇಳೋಕಾಗಲ್ಲ,” ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. “ಆದ್ರೆ ಏನೋ ಒಂದು, ಮದ್ದು ಇಲ್ಲದವುಗಳನ್ನೂ ಎತ್ತಿ ನಿಲ್ಲಿಸಿದೆ. ಮದ್ದು ಕೆಲಸ ಮಾಡಲ್ಲ ಅಂತಲ್ಲ. ಮಾಡುತ್ತೆ ಅಂತಲೂ ಹೇಳೋ ಹಾಗಿಲ್ಲ ಈಗ. ನಾವು ಕೇಳಿದ ಪ್ರಶ್ನೆಗೆ ಈ ಇಲಿಗಳು ಉತ್ತರ ಕೊಡಲಿಲ್ಲ. ಬೇರೆ ಯಾವುದಕ್ಕೋ ಕೊಟ್ಟವು. ಮತ್ತೆ ಮೊದಲಿಂದ ಮಾಡಬೇಕು.”

“ಎಷ್ಟು ದಿನ ಹಿಡಿಯುತ್ತೆ ಮೇಡಂ?”

“ವರ್ಷ.”

ಅಜ್ಜಿಯ ಬಗ್ಗೆ ನಾನು ಕೇಳಲಿಲ್ಲ. ಆದರೂ ಅವರು ಹೇಳಿದರು. “ಆರು ತಿಂಗಳ ಗಡಿ ನಾನು ಹಾಕಿದ್ದಲ್ಲ ಮಗು.” ಅವರು ನನ್ನನ್ನು ಮಗು ಎಂದದ್ದು ಅದೇ ಮೊದಲು.

ಹೊರಗೆ ಕೈತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಗಡಿಯಾರ ಬಂದು ಪಕ್ಕದ ನಲ್ಲಿ ತಿರುಗಿಸಿದರು. ನನ್ನನ್ನು ಹೇಗಾದರೂ ಸಮಾಧಾನ ಮಾಡಬೇಕೆಂದು ಅವರ ಆಸೆ. ಅದು ಅವರಿಗೆ ಬಾರದ ಕೆಲಸ.

“ಹೋಗ್ಲಿ ಬಿಡು ಮೋಡ. ಇಲಿಗೇ ಇಷ್ಟು ಹೇಳಿದವಳು ಅಜ್ಜಿಗೆ ಇನ್ನೆಷ್ಟು ಹೇಳ್ತಿರಬೇಕು. ನಿಮ್ಮಜ್ಜಿ ಪುಣ್ಯವಂತೆ.”

ನನ್ನ ಕೈಮೇಲೆ ನೀರು ಸುರಿಯುತ್ತಲೇ ಇತ್ತು. ಅವರೇ ನಲ್ಲಿ ನಿಲ್ಲಿಸಿದರು.

*

ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಇಟ್ಟುಕೊಳ್ಳುವುದಿಲ್ಲ. ಒಳಗೆ ಏನಾಗಿದೆ ಎಂದು ನೋಡಬೇಕಾದದ್ದು ಅವುಗಳ ಮೆದುಳಿನಲ್ಲಿ. ಇದು ಕೆಲಸಕ್ಕೆ ಸೇರಿದ ದಿನವೇ ನನಗೆ ತಿಳಿದಿತ್ತು. ತಿಳಿದದ್ದು ಬೇರೆ, ಆ ಬೆಳಗ್ಗೆ ಬೇರೆ.

ಒಂದೊಂದನ್ನೇ ತಂದುಕೊಡಬೇಕಾದವಳು ನಾನು. ಹೆದರಿಕೆಯಲ್ಲಿ ಕಳಿಸಬಾರದು ಎಂಬುದು ಅಲ್ಲಿಯೂ ನಿಯಮ. ಕಚ್ಚುಕಿವಿಯದು ಪಂಜರ ತೆರೆದೊಡನೆ ತಾನಾಗಿ ನನ್ನ ಅಂಗೈಗೆ ಹತ್ತಿತು. ಸೋತಿದ್ದ ಕೈಯಿಂದಲೇ ನನ್ನ ಹೆಬ್ಬೆರಳು ಹಿಡಿದುಕೊಂಡಿತು. ಎಷ್ಟು ಹಗುರವಾದ ಹಿಡಿತ ಅದು. ನಾನು ಕೂತು ಶುರುಮಾಡಿದೆ. ಗಡಿಯಾರ ಅಲ್ಲೇ ಇದ್ದರು. ಬೇಡ ಎನ್ನಲಿಲ್ಲ. ಬೆನ್ನು ತಿರುಗಿಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸಿದರು. ನೆಂಟ ಬಂದ, ಅಕ್ಕ ಹೊರಟಳು, ಜೌಗು ದಾಟಿದಳು. ಮೀಸೆ ಅದುರುವುದು ನಿಂತಿತು. ಅಕ್ಕ ಮುಚ್ಚಳದ ಮೇಲೆ ಕೈಯಿಟ್ಟಳು. ಅಲ್ಲೇ ನಿಂತಳು.

ಅರ್ಧಕ್ಕೆ ನಿಂತ ಕಥೆಯೊಂದಿಗೆ ಎಲ್ಲವನ್ನೂ ಕಳಿಸಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಕಾಲು ನೋಯುತ್ತಿತ್ತು, ಅಷ್ಟೂ ಹೊತ್ತು ನಿಂತಿದ್ದವಳು ನಾನೇ ಎಂಬ ಹಾಗೆ.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅಜ್ಜಿಯ ಕೋಣೆಯ ಗೋಡೆಯ ಮೇಲೆ ಕಿಟಕಿಯ ಸರಳುಗಳ ನೆರಳು ಓರೆಯಾಗಿ ಬಿದ್ದಿತ್ತು. ನನ್ನನ್ನು ನೋಡಿ ಅವಳ ಎಡಗೈ ಹಾಸಿಗೆಯನ್ನು ತಟ್ಟಿತು. ನಾನು ಚೀಲವನ್ನು ನೆಲದ ಮೇಲೆ ಬಿಟ್ಟು, ಅವಳ ಪಕ್ಕ, ಗೋಡೆಗೂ ಅವಳಿಗೂ ನಡುವಿನ ಇಕ್ಕಟ್ಟಿನಲ್ಲಿ ಮಲಗಿಕೊಂಡೆ. ನಾನು ಬೆಳೆದುಬಿಟ್ಟಿದ್ದೆ, ಜಾಗ ಸಾಲಲಿಲ್ಲ. ಅವಳ ಸೋತ ಕೈಯನ್ನು ಎತ್ತಿ ನನ್ನ ಎದೆಯ ಮೇಲಿಟ್ಟುಕೊಂಡೆ. ಪೌಡರು ಮತ್ತು ಔಷಧಿಯೆಣ್ಣೆಯ ವಾಸನೆ.

“ಅಜ್ಜೀ, ಮದ್ದು ಬರಲ್ಲ,” ಎಂದೆ.

“ಆಮೇಲೆ,” ಎಂದಳು ಅಜ್ಜಿ. ಅದರಲ್ಲಿ ಬೇಸರವಿರಲಿಲ್ಲ. ಹೋಗಲಿ ಬಿಡು, ಮುಂದಿನದು ಹೇಳು ಎಂಬಂತಿತ್ತು.

ನಾನು ಹೇಳಿದೆ. ಒಬ್ಬಳು ಅಕ್ಕ, ಒಬ್ಬ ತಮ್ಮ. ಅಜ್ಜಿಯ ಗಂಟಲೊಳಗಿಂದ ಒಂದು ಸದ್ದು ಬಂತು. ಹೂಂ. ಅದು ಮಾತಲ್ಲ, ಆದ್ದರಿಂದ ಅದಕ್ಕೆ ಬೀಗವಿರಲಿಲ್ಲ. ನೆಂಟ ಬಂದ, ಹೂಂ. ನಡುಗಿಸಿದ, ಸುಟ್ಟ, ಬೆವರಲ್ಲಿ ಕೈ ತೊಳೆದ. ಹೂಂ, ಹೂಂ, ಹೂಂ. ಜೌಗು, ಗೇಟು, ಮರ. ನಾಲಿಗೆಯ ಕೆಳಗೆ ತೊಗಟೆ. ಗಡಿಗೆಗಳು. ಅಕ್ಕ ಒಂದು ಮುಚ್ಚಳದ ಮೇಲೆ ಕೈಯಿಟ್ಟಳು.

ನಾನು ನಿಲ್ಲಿಸಿದೆ.

“ಆಮೇಲೆ?” ಎಂದಳು ಅಜ್ಜಿ.

“ಆಮೇಲೆ ನನಗೆ ಗೊತ್ತಿಲ್ಲ ಅಜ್ಜಿ. ನಾನು ನಿದ್ದೆ ಮಾಡಿಬಿಡ್ತಿದ್ದೆ.”

ಅವಳು ನನ್ನನ್ನೇ ನೋಡಿದಳು. ನೋಡಿ, ಮುಖದ ಒಂದು ಬದಿಯಿಂದ ನಕ್ಕಳು. ಎಡಗೈಯನ್ನು ನಿಧಾನವಾಗಿ ಗಾಳಿಯಲ್ಲಿ ಎತ್ತಿ, ಅಲ್ಲಿಲ್ಲದ ಒಂದು ಮುಚ್ಚಳವನ್ನು ತೆಗೆದಳು.

“ಆಮೇಲೆ,” ಎಂದಳು.

ಕಥೆ ಮುಂದೆ ನಡೆದಿತ್ತು. ನನಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. “ಹೂಂ,” ಎಂದೆ.

“ಆಮೇಲೆ... ಆಮೇಲೆ ಆಮೇಲೆ. ಆಮೇಲೆ!” ಅದೊಂದೇ ಮಾತು ಅವಳ ಬಾಯಲ್ಲಿ ಓಡಿತು, ಅಡಗಿತು, ಬಾಗಿ ನೋಡಿತು. ಅಂಗೈಯನ್ನು ಬಟ್ಟಲು ಮಾಡಿ ಏನನ್ನೋ ಹೊತ್ತಳು. ತುಳುಕದ ಹಾಗೆ, ಬಹಳ ಹುಷಾರಾಗಿ. ಒಮ್ಮೆ ಹಿಂದೆ ತಿರುಗಿ ನೋಡಿದಳು, ದನಿ ಬಿರುಸಾಯಿತು, ನೆಂಟ ಎಚ್ಚರಗೊಂಡಿರಬೇಕು. ಬೆರಳುಗಳು ಹೊದಿಕೆಯ ಮೇಲೆ ಜೌಗಿನಲ್ಲಿ ಓಡಿದವು. ಒಂದು ಬಾಗಿಲನ್ನು ತಟ್ಟಿದವು. ಹೂಂ, ಎಂದೆ. ಹೂಂ. ಕಣ್ಣು ಮುಚ್ಚಲಿಲ್ಲ.

ಕೊನೆಕೊನೆಗೆ ಅವಳು ಪಿಸುಗುಟ್ಟತೊಡಗಿದಳು. ಬಟ್ಟಲು ಮಾಡಿದ ಕೈ ಯಾರದೋ ತುಟಿಯ ಬಳಿ ಹೋಗಿ ನಿಂತಿತು. ಬಹಳ ಹೊತ್ತು ನಿಂತಿತು. “ಆಮೇಲೆ,” ಎಂದಳು ಗಾಳಿಯಷ್ಟೇ ಸದ್ದಿನಲ್ಲಿ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹುಡುಗ ಕುಡಿದನೋ ಇಲ್ಲವೋ, ಅದು ಅಲ್ಲಿ ಬರೆದಿರುತ್ತದೆ ಎಂದು. ಎಡಗಡೆಯ ತುಟಿ ಮೇಲಕ್ಕೆ ಹೋಯಿತು. ಅದು ನಗುವೋ ಕಹಿಯೋ ತಿಳಿಯಲಿಲ್ಲ. ಅದನ್ನು ತಿಳಿಸಬೇಕಾಗಿದ್ದ ಬಲಗಡೆ ಸುಮ್ಮನಿತ್ತು. ಬದುಕಿದನಾ ಅಜ್ಜಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಡುವೆ ಪ್ರಶ್ನೆ ಕೇಳುವ ಹಾಗಿಲ್ಲ. “ಹೂಂ,” ಎಂದೆ.

ಕೈ ಇಳಿಯಿತು. ತಡವಿಕೊಂಡು ನನ್ನ ಕೆನ್ನೆಗೆ ಬಂತು, ಅಲ್ಲಿಂದ ಕಿವಿಗೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಚಿತು.

ಅಜ್ಜಿ ದಣಿದು ಕಣ್ಣು ಮುಚ್ಚಿದಳು. ಗೋಡೆಯ ಮೇಲಿನ ಸರಳುಗಳ ನೆರಳು ಆರಿಹೋಗಿತ್ತು. ಬಾಗಿಲಲ್ಲಿ ಅಮ್ಮ ಒದ್ದೆ ಕೈಯಲ್ಲಿ ನಿಂತಿದ್ದಳು. ಯಾವಾಗ ಬಂದು ನಿಂತಳೋ.

“ಪೂರ್ತಿ ಹೇಳಿದ್ಲಾ?” ಎಂದು ಮೆಲ್ಲಗೆ ಕೇಳಿದಳು.

“ಪೂರ್ತಿ.”

“ಮತ್ತೆ... ಹುಡುಗ?” ಅಮ್ಮನ ದನಿ ಚಿಕ್ಕ ಹುಡುಗಿಯದಾಗಿತ್ತು. “ಹುಡುಗ ಏನಾದ್ನಂತೆ?”

ನಾನು ಕಿವಿ ಮುಟ್ಟಿಕೊಂಡೆ. ಅದಿನ್ನೂ ಬೆಚ್ಚಗಿತ್ತು.

“ಬೀಗ ಹಾಕಿಬಿಟ್ಟಿದ್ದಾಳೆ ಅಮ್ಮ,” ಎಂದೆ.